ಮಂಜ್ರಾ ದಂಡೆಯ ದಾರಿಗೆ ಯಾವ ಕಾಲ?

ರಷ್ಯದ ಟ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ ಬೀದರ್‌ಗೆ ಬಂದದ್ದು 1470ರ ಆಸುಪಾಸಿನಲ್ಲಿ. ವೋಲ್ಗಾ ನದಿಯಲ್ಲಿ ದೋಣಿ ಹತ್ತಿ ಹೊರಟವನು ಅಸ್ತ್ರಾಖಾನ್ ಬಳಿ ದರೋಡೆಗೆ ಸಿಕ್ಕು ಸರಕು ಕಳೆದುಕೊಂಡ. ಬಾಕು, ಪರ್ಷಿಯಾ, ಹೋರ್ಮುಜ್ ದಾಟಿ ಕೊನೆಗೆ ಕೊಂಕಣದ ಚೌಲ್ ಬಂದರಿಗೆ ಬಂದಿಳಿದ. ನೂರು ರೂಬಲ್ ಕೊಟ್ಟು ಕೊಂಡ ಒಂದು ಗಂಡು ಕುದುರೆಯೇ ಅವನ ಬಂಡವಾಳ. ಅದನ್ನು ಮಾರಿ ನಾಲ್ಕು ಕಾಸು ನೋಡಬೇಕೆಂಬ ಆಸೆ. ಆದರೆ ಘಟ್ಟ ಹತ್ತಿ ಜುನ್ನರ್ ಮುಟ್ಟುವ ಹೊತ್ತಿಗೆ ಮಳೆ ಹಿಡಿಯಿತು. ಎರಡು ತಿಂಗಳು ಅವನು ಅಲ್ಲಿಂದ ಕದಲಲಿಲ್ಲ. ನಾಲ್ಕು ತಿಂಗಳ ಕಾಲ ಹಗಲು ರಾತ್ರಿ ಎತ್ತ ನೋಡಿದರೂ ನೀರು, ಕೆಸರು ಎಂದು ಬರೆದಿಟ್ಟ. ಕುದುರೆ ಸಾಕುವ ಖರ್ಚು ಬೇರೆ. ಆಗಸ್ಟ್ ಮಧ್ಯದಲ್ಲಿ ಬರುವ ತನ್ನ ಧರ್ಮದ ಹಬ್ಬದ ದಿನ ಅಲ್ಲಿಂದ ಹೊರಟು, ಒಂದು ತಿಂಗಳ ದಾರಿ ನಡೆದು ಬೀದರ್ ಸೇರಿದ.

ಅವನು ಬಿಟ್ಟುಹೋದ ಬರಹ 'ಮೂರು ಸಮುದ್ರಗಳಾಚೆಯ ಪಯಣ' ಎಂದು ಹೆಸರಾಗಿದೆ. ಸುಲ್ತಾನನ ಮೆರವಣಿಗೆ, ಆನೆಗಳು, ಕೋಟೆಯ ಬಾಗಿಲುಗಳ ವರ್ಣನೆಗೆ ಅದನ್ನು ಓದುವವರು ಹೆಚ್ಚು. ಅದರೊಳಗೆ ಋತುಗಳ ಲೆಕ್ಕವೂ ಒಂದಿದೆ; ಬೀದರ್ ಸೀಮೆಗೆ ಪ್ರವಾಸ ಹೊರಡುವವರು ಅದನ್ನು ಗಮನಿಸಬೇಕು. ನಿಕಿತಿನ್‌ಗೆ ಗೊತ್ತಿದ್ದದ್ದು ಹಿಮದ ದೇಶದ ನಾಲ್ಕು ಕಾಲ ಮಾತ್ರ. ಹಾಗಾಗಿ ಜನ ಮನೆ ಸೇರುವ ಮಳೆಗಾಲವನ್ನು ಅವನು ಚಳಿಗಾಲವೆಂದು ಕರೆದ. ಅಕ್ಟೋಬರ್ ಮೊದಲಿಗೆ ಬರುವ ಪೊಕ್ರೋವ್ ಹಬ್ಬದಿಂದ ಇಲ್ಲಿ ವಸಂತ ಶುರುವಾಗುತ್ತದೆ ಎಂದ. ಆ ಹಬ್ಬ ಕಳೆದ ಎರಡು ವಾರಕ್ಕೆ ಶೇಖ್ ಅಲಾವುದ್ದೀನರ ಸ್ಮರಣೆಯ ಜಾತ್ರೆ ನಡೆಯುತ್ತಿತ್ತು. ಜಾತ್ರೆ ನಡೆಯುತ್ತಿದ್ದ ಊರು ಇಂದಿನ ಕಲಬುರಗಿ ಜಿಲ್ಲೆಯ ಆಳಂದ. ಹತ್ತು ದಿನದ ಸಂತೆಗೆ ಇಪ್ಪತ್ತು ಸಾವಿರದವರೆಗೆ ಕುದುರೆಗಳು ಬರುತ್ತಿದ್ದವೆಂದು ಅವನ ಅಂದಾಜು. ನೆಲ ಆರಿ ಗೊರಸು ಊರುವಂತಾದಾಗ ಸಂತೆ ಕೂಡುತ್ತಿತ್ತು, ಅಷ್ಟೇ. ಐನೂರೈವತ್ತು ವರ್ಷದ ಹಿಂದೆ ಒಬ್ಬ ಪರದೇಶಿ ತನ್ನ ಪಂಚಾಂಗವನ್ನು ಇಲ್ಲಿನ ಮಣ್ಣಿಗೆ ಹೊಂದಿಸಿಕೊಂಡ ಬಗೆ ಇದು. ಇಂದು ಕಾರಿನಲ್ಲಿ ಹೊರಡುವವರು ಕೂಡ ಇದೇ ಕೆಲಸ ಮಾಡಬೇಕಾಗಿದೆ.

ಏಕೆಂದರೆ ರಸ್ತೆ ಪ್ರವಾಸಕ್ಕೆ ಕಾಲ ನೋಡುವುದೆಂದರೆ ಹವಾಮಾನದ ಆ್ಯಪ್ ತೆರೆದು ಉಷ್ಣಾಂಶ ನೋಡುವುದು ಎಂದಾಗಿಬಿಟ್ಟಿದೆ. ಬೇರೆ ದೇಶಗಳ ಅನುಭವಸ್ಥರು ಹಾಗೆ ಮಾಡುವುದಿಲ್ಲ. ಐಸ್‌ಲ್ಯಾಂಡ್‌ನ ಒಳನಾಡಿನ ಬೆಟ್ಟದ ದಾರಿಗಳು ಹಿಮ ಕರಗಿ ಮಣ್ಣು ಗಟ್ಟಿಯಾಗುವವರೆಗೆ, ಅಂದರೆ ಜೂನ್‌ವರೆಗೆ, ಕೆಲವು ಜುಲೈವರೆಗೂ ಮುಚ್ಚಿರುತ್ತವೆ. ಆಸ್ಟ್ರೇಲಿಯಾದ ಉತ್ತರದ ತುದಿಯಲ್ಲಿ ನಾಲ್ಕು ಋತುಗಳ ಮಾತೇ ಕಡಿಮೆ. ಒದ್ದೆಗಾಲ, ಒಣಗಾಲ ಎಂದು ಎರಡೇ. ಒದ್ದೆಗಾಲದಲ್ಲಿ ಹೊಳೆ ರಸ್ತೆಯ ಮೇಲೇ ಹರಿಯುತ್ತದೆ. ಹಿಮಕ್ಕೆ ಮುಚ್ಚುವ ನಮ್ಮ ಮನಾಲಿ–ಲೇಹ್ ದಾರಿಯ ಕಥೆಯೂ ಗೊತ್ತಿರುವುದೇ. ಈ ಎಲ್ಲ ಕಡೆ ಕಾಲವನ್ನು ತೀರ್ಮಾನಿಸುವುದು ಚಕ್ರದ ಕೆಳಗಿನ ನೆಲ. ಬೀದರ್–ಭಾಲ್ಕಿ–ಔರಾದ್ ದಾರಿಗೂ ಇದೇ ಮಾತು ಸಲ್ಲುತ್ತದೆ. ಇಲ್ಲಿ ಹಿಮವಿಲ್ಲ, ಎರೆ ಮಣ್ಣಿದೆ.

ಈ ಮೂರೂ ಊರುಗಳನ್ನು ಕೂಡಿಸಿದರೆ ಒಂದು ತ್ರಿಕೋನ. ಬೀದರ್‌ನಿಂದ ಭಾಲ್ಕಿ ಸುಮಾರು ನಲವತ್ತು ಕಿಲೋಮೀಟರ್, ಔರಾದ್ ಕೂಡ ಹೆಚ್ಚುಕಡಿಮೆ ಅಷ್ಟೇ. ಭಾಲ್ಕಿಯಿಂದ ಕಮಲನಗರದ ಮೇಲೆ ಹಾದು ಔರಾದ್ ಸೇರಿ, ಸಂತಪುರ, ಕೌಠಾ, ಜನವಾಡದ ಮೂಲಕ ಬೀದರ್‌ಗೆ ಮರಳಿದರೆ ಸುತ್ತು ಪೂರ್ತಿಯಾಗುತ್ತದೆ. ಬಿಟ್ಟೂಬಿಡದೆ ಓಡಿಸಿದರೆ ಅರ್ಧ ದಿನ. ಸರಿಯಾಗಿ ನೋಡಿದರೆ ಮೂರು ದಿನವೂ ಸಾಲದು. ಈ ಸುತ್ತಿನಲ್ಲಿ ನೆಲ ಎರಡು ಬಣ್ಣ ಬದಲಿಸುತ್ತದೆ. ಬೀದರ್ ನಗರ ನಿಂತಿರುವುದು ಸಮುದ್ರಮಟ್ಟದಿಂದ ಆರುನೂರು ಮೀಟರ್‌ಗೂ ಮೇಲಿನ ಕೆಂಪು ಜಂಬಿಟ್ಟಿಗೆಯ ಹಾಸಿನ ಮೇಲೆ. ಕೋಟೆಯ ಮೂರು ಸಾಲಿನ ಕಂದಕ ಕೊರೆದಿರುವುದೂ ಅದೇ ಕಲ್ಲಿನಲ್ಲಿ. ಹಾಸು ಇಳಿದು ಮಂಜ್ರಾ ಹೊಳೆಯ ಬಯಲಿಗೆ ಬಂದರೆ ಕಪ್ಪು ನೆಲ ಶುರು. ಭಾಲ್ಕಿ, ಔರಾದ್ ಕಡೆ ಎತ್ತ ಕಣ್ಣು ಹಾಯಿಸಿದರೂ ಎರೆ.

ಎರೆಯ ಸ್ವಭಾವ ಬಲ್ಲವರಿಗೆ ವಿವರಿಸಬೇಕಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಕೈ ತೂರುವಷ್ಟು ಬಿರಿಯುತ್ತದೆ. ಆ ಉಬ್ಬು-ಬಿರಿತದಲ್ಲಿ ಮೇಲಿನ ಡಾಂಬರು ಅಲೆಯಲೆಯಾಗಿ ಏಳುತ್ತದೆ. ಮುಖ್ಯ ರಸ್ತೆ ಬಿಟ್ಟು ಹೊಲದ ದಾರಿ ಹಿಡಿದರಂತೂ ಮಳೆಗಾಲದಲ್ಲಿ ಬೈಕು ನೂರು ಗಜ ಹೋಗುವುದಿಲ್ಲ. ಮೊದಲು ಟೈರಿನ ಗೆರೆಗಳು ತುಂಬುತ್ತವೆ. ಆಮೇಲೆ ಮಣ್ಣಿನ ಮೇಲೆ ಮಣ್ಣು ಅಂಟಿ ಟೈರು ಎರಡರಷ್ಟು ದಪ್ಪವಾಗುತ್ತದೆ. ಮಡ್‌ಗಾರ್ಡಿನ ಒಳಗೆ ಮೆತ್ತಿದ ಮುದ್ದೆಗೆ ಗಾಲಿ ಕಚ್ಚಿಕೊಂಡು, ಎಂಜಿನ್ ಒದರಿದರೂ ಚಕ್ರ ತಿರುಗದು. ಆಗ ಬೇವಿನ ಕಡ್ಡಿಯೊಂದನ್ನು ಮುರಿದುಕೊಂಡು, ಬಗ್ಗಿ ಕೂತು, ಕಡ್ಡಿಯ ತುದಿಯಿಂದ ಮಣ್ಣನ್ನು ಹೆಬ್ಬೆರಳಷ್ಟು ಹೆಬ್ಬೆರಳಷ್ಟೇ ಕೆತ್ತಿ ತೆಗೆಯಬೇಕು. ಊರ ರೈತರು ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆಯುವುದು ಈ ಕಾರಣಕ್ಕೆ.

ಹಾಗೆಂದು ಮಳೆಗಾಲವನ್ನು ತಳ್ಳಿಹಾಕುವುದು ಅನ್ಯಾಯ. ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ 850 ಮಿಲಿಮೀಟರ್ ಆಸುಪಾಸು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಂದುಹೋಗುತ್ತದೆ. ಮೃಗಶಿರಾವನ್ನು ಇಲ್ಲಿನವರು 'ಮಿರಗ' ಎನ್ನುತ್ತಾರೆ. ಮಿರಗ ಚೆನ್ನಾಗಿ ಆದರೆ ಹೆಸರು, ಉದ್ದು, ಸೋಯಾ, ತೊಗರಿ ನೆಲ ಬಿಟ್ಟು ಏಳುತ್ತವೆ. ಆಗಸ್ಟ್‌ನಲ್ಲಿ ಬೀದರ್ ಕೋಟೆಯ ಗೋಡೆಗಳ ಮೇಲೆ ಹಸಿರು ಹತ್ತುತ್ತದೆ, ಕಂದಕದಲ್ಲಿ ನೀರು ನಿಲ್ಲುತ್ತದೆ. ಕೆಂಪು ಕಲ್ಲಿನ ಪಕ್ಕ ಆ ಹಸಿರು ಬೇರೆ ಯಾವ ತಿಂಗಳಲ್ಲೂ ಕಾಣಸಿಗದು. ನಗರದೊಳಗಿನ ಪ್ರವಾಸಕ್ಕೆ ಮಳೆ ಅಡ್ಡಿಯಲ್ಲ, ಏಕೆಂದರೆ ಜಂಬಿಟ್ಟಿಗೆ ನೀರನ್ನು ಬೇಗ ಹೀರಿಕೊಳ್ಳುತ್ತದೆ. ಅಡ್ಡಿ ಶುರುವಾಗುವುದು ಬಯಲಿಗೆ ಇಳಿದ ಮೇಲೆ.

ಮಳೆಗಾಲದಲ್ಲೇ ಬರಬೇಕಾದ ಅನಿವಾರ್ಯ ಇರುವವರೂ ಇದ್ದಾರೆ. ಕೊಲ್ಲಿ ದೇಶಗಳಲ್ಲಿ ಶಾಲೆಗೆ ದೊಡ್ಡ ರಜೆ ಬೀಳುವುದು ಜುಲೈ, ಆಗಸ್ಟ್‌ನಲ್ಲಿ. ಅಮೆರಿಕದಲ್ಲೂ ಬೇಸಿಗೆ ರಜೆ ಅದೇ ಹೊತ್ತಿಗೆ. ಹೊರದೇಶದಲ್ಲಿ ಬೆಳೆಯುವ ಕನ್ನಡದ ಮಕ್ಕಳು ಅಜ್ಜಿಯ ಊರು ನೋಡುವುದೇ ಮಳೆಯಲ್ಲಿ. ಅಂಥ ಮನೆಯವರು ಬೀದರ್ ನಗರದಲ್ಲಿ ತಂಗಿ, ಮಳೆ ಹೊಳವಾದ ದಿನ ನೋಡಿ ಭಾಲ್ಕಿಗೆ ಹೋಗಿಬರುವುದು ಕ್ಷೇಮ. ಔರಾದ್ ಕಡೆ ಹೊರಡುವ ಮುನ್ನ ಮಾತ್ರ ಮಂಜ್ರಾ ಹೇಗಿದೆ ಎಂದು ಕೇಳಲೇಬೇಕು.

ಆ ಹೊಳೆಯ ಸ್ವಭಾವಕ್ಕೆ 2016ರ ವರ್ಷವೇ ಸಾಕ್ಷಿ. ಬೀಡ್ ಜಿಲ್ಲೆಯ ಬಾಲಾಘಾಟ್ ಬೆಟ್ಟಗಳಲ್ಲಿ ಹುಟ್ಟುವ ಮಂಜ್ರಾ, ಲಾತೂರು ಸೀಮೆ ದಾಟಿ ಬೀದರ್ ಜಿಲ್ಲೆಗೆ ಬರುತ್ತದೆ. ಆ ವರ್ಷದ ಏಪ್ರಿಲ್‌ನಲ್ಲಿ ಮೇಲಿನ ಜಲಾಶಯ ತಳ ಕಂಡು, ಲಾತೂರಿಗೆ ಮಿರಜ್‌ನಿಂದ ರೈಲಿನಲ್ಲಿ ನೀರು ತರಬೇಕಾಯಿತು. ಆರು ತಿಂಗಳೂ ಕಳೆಯಲಿಲ್ಲ, ಅದೇ ಜಲಾಶಯ ತುಂಬಿ ಗೇಟು ತೆರೆದು ನೀರು ಬಿಟ್ಟರು. ಬೇಸಿಗೆಯಲ್ಲಿ ಮರಳಿನ ಪಟ್ಟಿಯಂತೆ ಕಾಣುವ ಹೊಳೆ, ಇಲ್ಲಿ ಹನಿ ಮಳೆ ಇಲ್ಲದ ದಿನವೂ ಮೇಲಿನ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ರಾತ್ರೋರಾತ್ರಿ ದಂಡೆ ಮೀರಬಹುದು. ತಗ್ಗಿನ ಸೇತುವೆಗಳು ಮೊದಲು ಮುಳುಗುತ್ತವೆ. ಮೋಡ ನೋಡಿ ಹೊರಡುವವನಿಗೆ ಇದು ತಿಳಿಯುವುದಿಲ್ಲ. ಮರಾಠವಾಡದ ಮಳೆ ಸುದ್ದಿ ಓದಿದವನಿಗೆ ತಿಳಿಯುತ್ತದೆ.

ಬೀದರ್‌ನ ಕಾಲ ಯಾವುದು ಎಂಬ ಪ್ರಶ್ನೆಗೆ ನೀರೇ ಸರಿಯಾದ ಅಳತೆಗೋಲು. ಈ ಊರಿನ ಹೆಸರಾಂತ ತಾಣಗಳನ್ನು ಎಣಿಸಿದರೆ ಅರ್ಧಕ್ಕರ್ಧ ನೀರಿನವೇ: ಗುರುನಾನಕ್ ಝೀರಾ, ನರಸಿಂಹ ಝರಣಿ, ಪಾಪನಾಶ, ನೌಬಾದ್‌ನ ಕರೇಜ್. ಇವೆಲ್ಲ ಒಂದೇ ಭೂರಚನೆಯ ಮಕ್ಕಳು. ಮೇಲೆ ತೂತುತೂತಾದ ಜಂಬಿಟ್ಟಿಗೆ, ಕೆಳಗೆ ಗಟ್ಟಿ ಕಪ್ಪು ಶಿಲೆ. ಮೇಲೆ ಬಿದ್ದ ಮಳೆ ನಿಧಾನಕ್ಕೆ ಇಳಿದು, ಎರಡು ಪದರ ಕೂಡುವಲ್ಲಿ ತಡೆದು ನಿಂತು, ಕಣಿವೆಯ ಬದಿಯಲ್ಲಿ ಒರತೆಯಾಗಿ ಹೊಮ್ಮುತ್ತದೆ. ಬಹಮನಿಯರ ಕಾಲದಲ್ಲಿ ಪರ್ಷಿಯಾದ ವಿದ್ಯೆ ಬಲ್ಲವರು ಅದೇ ಪದರಗಳ ಗುಟ್ಟು ಹಿಡಿದು ನೆಲದೊಳಗೆ ಸುರಂಗ ಕೊರೆದು ನೀರು ಹರಿಸಿದರು. ಅದೇ ಕರೇಜ್; ಜನರ ಬಾಯಲ್ಲಿ ಸುರಂಗ ಬಾವಿ. ನೌಬಾದ್‌ನಲ್ಲಿ ಸಾಲಾಗಿ ತೋಡಿದ ಗಾಳಿಬಾವಿಗಳ ಬಾಯಲ್ಲಿ ಬಗ್ಗಿ ನೋಡಿದರೆ ಆಳದಲ್ಲಿ ಆ ದಾರಿ ಕಾಣುತ್ತದೆ.

ಇದರಿಂದ ಪ್ರವಾಸಿಗೆ ಒಂದು ಸೂತ್ರ ಸಿಗುತ್ತದೆ. ಇಳಿದ ಮಳೆ ಒರತೆಗೆ ಬರಲು ಸಮಯ ಬೇಕು. ಹಾಗಾಗಿ ಮಳೆ ನಿಂತ ಮೇಲಿನ ತಿಂಗಳುಗಳಲ್ಲಿ ಮೇಲೆ ಆಕಾಶ ಶುಭ್ರ, ಕೆಳಗೆ ನೀರು ತುಂಬು. ಝರಣಿಯ ಗುಹೆಯಲ್ಲಿ ಸೊಂಟಮಟ್ಟ, ಎದೆಮಟ್ಟದ ನೀರಿನಲ್ಲಿ ಕತ್ತಲಿನೊಳಗೆ ನಡೆದು ನರಸಿಂಹನ ದರ್ಶನ ಮಾಡುವವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಬರದ ವರ್ಷದ ಬೇಸಿಗೆಯಲ್ಲಿ ಬಂದವರು ನೋಡುವುದು ಅದೇ ಗುಹೆಯ ಬಡಕಲು ರೂಪ. ಕರೇಜ್, ಕೋಟೆಯ ಕಂದಕ, ಕಾರಂಜಾ ಜಲಾಶಯ ಎಲ್ಲದಕ್ಕೂ ಇದೇ ಮಾತು.

ಬೇಸಿಗೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವುದು ಹೊಸತಲ್ಲ. ಹೋರ್ಮುಜ್‌ನ ಬಿಸಿಲು ಕಂಡುಬಂದಿದ್ದ ನಿಕಿತಿನ್ ಹಿಂದುಸ್ತಾನದಲ್ಲಿ ಅಂಥ ಸೆಕೆಯೇನಿಲ್ಲ ಎಂದು ಬರೆದ. ಬೆಂಗಳೂರಿನಿಂದ ಬರುವವರು ಆ ಮಾತು ನಂಬಿ ಹೊರಡಬಾರದು. ಬಿಸಿಲಿಗಿಂತ ಅಂಜಬೇಕಾದದ್ದು ಮಧ್ಯಾಹ್ನ ಕವಿಯುವ ಮೋಡಕ್ಕೆ. ಮರವಿಲ್ಲದ ಬಯಲಲ್ಲಿ ಸಿಡಿಲು ಒಂಟಿ ಬೇವನ್ನೋ ಎತ್ತಿನ ಕೊರಳನ್ನೋ ಹುಡುಕುತ್ತದೆ. ಬೀದರ್ ಪಕ್ಕದ ಅಷ್ಟೂರಿನಲ್ಲಿ ಸಾಲಾಗಿ ನಿಂತ ಬಹಮನಿ ಸುಲ್ತಾನರ ಗೋರಿಗಳ ನಡುವೆ ಹುಮಾಯೂನ್ ಶಾಹನ ಗೋರಿ ಸಿಡಿಲಿಗೆ ಸೀಳಿ, ಅರ್ಧ ಗುಮ್ಮಟ ಮಾತ್ರ ಉಳಿಸಿಕೊಂಡು ನಿಂತಿದೆ. 2014ರ ಫೆಬ್ರುವರಿ-ಮಾರ್ಚ್‌ನಲ್ಲಿ ಮರಾಠವಾಡ ಮತ್ತು ಉತ್ತರ ಕರ್ನಾಟಕದ ಮೇಲೆ ಬಿದ್ದ ಆಲಿಕಲ್ಲು ಕಟಾವಿಗೆ ಬಂದ ಬೆಳೆಯನ್ನು ನೆಲಕ್ಕೆ ಬಡಿಯಿತು. ಇಷ್ಟಾದರೂ ಬಿಸಿಲು ಏರುವ ಮೊದಲು ಒಂದು ವಿಶೇಷಕ್ಕೆ ಬರಬೇಕು: ಅಷ್ಟೂರಿನಲ್ಲಿ ಅಹ್ಮದ್ ಶಾಹ ವಲಿಯ ಉರುಸು. ಕಲಬುರಗಿಯಿಂದ ರಾಜಧಾನಿಯನ್ನು ಬೀದರ್‌ಗೆ ತಂದ ಈ ಸುಲ್ತಾನನನ್ನು ಹಿಂದೂಗಳು ಅಲ್ಲಮಪ್ರಭುವೆಂದು ನಂಬಿ ನಡೆದುಕೊಳ್ಳುತ್ತಾರೆ. ಉರುಸು ನಡೆಯುವುದು ಹಿಂದೂ ಪಂಚಾಂಗದ ಪ್ರಕಾರ, ಹೋಳಿ ಹುಣ್ಣಿಮೆ ಕಳೆದ ಮೇಲೆ. ಅದಕ್ಕೆ ಜಂಗಮರು ಬರುತ್ತಾರೆ. ಆ ದಿನಗಳಲ್ಲಿ ಬೆಳಗಿನ ಹತ್ತರೊಳಗೆ ಮತ್ತು ಸಂಜೆ ಐದರ ಮೇಲೆ ಓಡಾಡಿದರೆ ಸೆಕೆಯ ಬಾಧೆ ತಪ್ಪುತ್ತದೆ.

ಇನ್ನು ಉಳಿದದ್ದು ನಿಕಿತಿನ್ ವಸಂತವೆಂದ ಕಾಲ. ಹಸ್ತ, ಚಿತ್ತಾ ಮಳೆ ಮುಗಿದು ದಸರೆ ದಾಟಿದರೆ ದಾರಿ ತೆರೆಯುತ್ತದೆ. ಕೆಂಪು ಗುಡ್ಡಗಳ ಸೀತಾಫಲ ಬುಟ್ಟಿಗಳಲ್ಲಿ ರಸ್ತೆಬದಿಗೆ ಬರುತ್ತದೆ. ತೊಗರಿ ಹಳದಿ ಹೂ ಬಿಡುತ್ತದೆ. ಹಿಂಗಾರಿ ಜೋಳ, ಕಡಲೆ ಬಿತ್ತನೆಗೆ ಕಪ್ಪು ಹೊಲಗಳು ಹದವಾಗಿರುತ್ತವೆ. ಎಚ್ಚರ ಬೇಕಾದ ಸಂಗತಿಯೂ ಉಂಟು. ಸೋಯಾ ರಾಶಿಯ ಹೊತ್ತಿನಲ್ಲಿ ಒಳರಸ್ತೆಗಳೇ ಕಣ. ಅರ್ಧ ರಸ್ತೆಗೆ ಕಾಳು ಹರವಿ, ಅಂಚಿಗೆ ಕಲ್ಲು ಸಾಲಿಟ್ಟಿರುತ್ತಾರೆ. ಅದರ ಮೇಲೆ ಬೈಕಿನ ಚಕ್ರ ಗೋಲಿಯ ಮೇಲೆ ಕಾಲಿಟ್ಟಂತೆ ಜಾರುತ್ತದೆ. ಕತ್ತಲಲ್ಲಿ ಆ ಕಲ್ಲುಗಳು ಕಾಣುವುದಿಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಕಬ್ಬಿನ ಹಂಗಾಮು. ಭಾಲ್ಕಿ ದಾರಿಯಲ್ಲಿ ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಿಂದೆ ದೀಪವಿಲ್ಲದೆ ಹೋಗುತ್ತಿರುತ್ತವೆ. ಈ ಸೀಮೆಯಲ್ಲಿ ಹೊತ್ತು ಮುಳುಗಿದ ಮೇಲೆ ವಾಹನ ಓಡಿಸದಿರುವುದು ಯಾವ ಋತುವಿಗಾದರೂ ಒಳ್ಳೆಯದು, ಈ ಋತುವಿನಲ್ಲಂತೂ ಕಡ್ಡಾಯ.

ಡಿಸೆಂಬರ್ ಹೊತ್ತಿಗೆ ಚಳಿ ಇಳಿಯುತ್ತದೆ. ರಾಜ್ಯದಲ್ಲೇ ಕನಿಷ್ಠ ಉಷ್ಣಾಂಶ ಬೀದರ್‌ನಲ್ಲಿ ಎಂಬ ಸುದ್ದಿ ಆ ತಿಂಗಳು ಪತ್ರಿಕೆಗಳಲ್ಲಿ ಪದೇ ಪದೇ ಬರುತ್ತದೆ. ಸಮುದ್ರದಿಂದ ದೂರದ ಎತ್ತರದ ನೆಲ, ಮೋಡವಿಲ್ಲದ ಆಕಾಶ, ಉತ್ತರದ ಒಣ ಗಾಳಿ ಮೂರೂ ಸೇರಿ ಹಗಲಿನ ಕಾವನ್ನು ರಾತ್ರಿ ಉಳಿಯಗೊಡುವುದಿಲ್ಲ. ಬೆಳಗ್ಗೆ ಮಂಜ್ರಾ ಸೇತುವೆಯ ಮೇಲೆ ಮಂಜು ಕೂತಿರುತ್ತದೆ. ಎಂಟರ ಮೇಲೆ ಹೊರಟರೆ ಸಾಕು. ಆದರೆ ಈ ಶುಭ್ರ ಬಿಸಿಲಿನ ಬೆಲೆ ತಿಳಿಯಲು ಅಷ್ಟೂರಿಗೆ ಹೋಗಬೇಕು. ಅಹ್ಮದ್ ಶಾಹನ ಗೋರಿಯ ಒಳಗೋಡೆ ಮತ್ತು ಗುಮ್ಮಟದ ತುಂಬ ಬಣ್ಣದ ಬಳ್ಳಿ, ಬಂಗಾರದ ಅಕ್ಷರ. ಒಳಗೆ ಕತ್ತಲು. ನೋಡಿಕೊಳ್ಳುವವರು ಬಾಗಿಲಲ್ಲಿ ಕನ್ನಡಿ ಹಿಡಿದು ಸೂರ್ಯನ ಬೆಳಕನ್ನು ಮೇಲಕ್ಕೆ ತಿರುಗಿಸಿ ತೋರಿಸುವುದುಂಟು. ಅಂಗೈಯಗಲದ ಆ ಬೆಳಕು ಗೋಡೆಯ ಮೇಲೆ ಸರಿದಂತೆಲ್ಲ ಕೆಂಪು, ನೀಲಿ, ಬಂಗಾರ ಒಂದೊಂದಾಗಿ ಕಣ್ಣು ತೆರೆದು ಮುಚ್ಚುತ್ತವೆ. ಮೋಡ ಕವಿದ ಜುಲೈನಲ್ಲಿ ಬಂದವರಿಗೆ ಈ ನೋಟ ಇಲ್ಲ.

ಚಳಿಗಾಲ ಭಾಲ್ಕಿ ಸುತ್ತಲಿನ ಜಾತ್ರೆಗಳ ಕಾಲವೂ ಹೌದು. ಖಾನಾಪುರದ ಮೈಲಾರ ಮಲ್ಲಣ್ಣನ ಗುಡಿಯಲ್ಲಿ ಮಾರ್ಗಶಿರದಲ್ಲಿ ಭಂಡಾರ ಹಾರುತ್ತದೆ. ಕನ್ನಡ, ಮರಾಠಿ, ತೆಲುಗು ಮೂರೂ ಭಾಷೆಯ ಭಕ್ತರು ಸೇರುತ್ತಾರೆ. 1956ರಲ್ಲಿ ಹಳೆಯ ಬೀದರ್ ಜಿಲ್ಲೆಯನ್ನು ಮೂರು ರಾಜ್ಯಗಳಿಗೆ ಹಂಚಿದರು. ಉದಗೀರ್, ನಿಲಂಗಾ ಮುಂಬೈ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಹೋದವು. ಜಾತ್ರೆಯ ದಾರಿಗಳು ಮಾತ್ರ ಆ ಹಂಚಿಕೆಯನ್ನು ಒಪ್ಪಿಕೊಳ್ಳಲಿಲ್ಲ. ಭಾಲ್ಕಿಯಲ್ಲಿ ಹಿರೇಮಠ ಸಂಸ್ಥಾನ ನೋಡದೆ ಮುಂದೆ ಹೋಗಬಾರದು. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರ ಮಠ ಇದು. ಅವರು ಹುಟ್ಟಿದ ಕಮಲನಗರ ಔರಾದ್‌ಗೆ ಹೋಗುವ ದಾರಿಯಲ್ಲೇ ಸಿಗುತ್ತದೆ. ಬೀದರ್ ನೋಡಿ ಸಂಜೆಗೆ ಹೈದರಾಬಾದ್ ಸೇರುವ ಪ್ರವಾಸಿಗಳು ಕೋಟೆ ಕಂಡಂತಾಯಿತು. ಆ ಕೋಟೆಯ ನೆರಳಲ್ಲಿ ಕನ್ನಡ ಹೇಗೆ ಉಳಿಯಿತು ಎಂಬುದನ್ನು ಕಾಣಲು ಈ ಎರಡು ಊರು ಬೇಕು.

ಒಂದೇ ವಾರ ಬಿಡುವಿದ್ದರೆ ಯಾವ ವಾರ? ಈ ಬರಹದ ಆಯ್ಕೆ ಎಳ್ಳ ಅಮಾವಾಸ್ಯೆಯ ವಾರ. ಒಮ್ಮೆ ಅದು ಡಿಸೆಂಬರ್‌ನಲ್ಲಿ, ಇನ್ನೊಮ್ಮೆ ಜನವರಿಯಲ್ಲಿ ಬರುತ್ತದೆ. 2024ರಲ್ಲಂತೂ ಜನವರಿ 11ಕ್ಕೆ ಒಂದು, ಡಿಸೆಂಬರ್ 30ಕ್ಕೆ ಇನ್ನೊಂದು, ಒಂದೇ ವರ್ಷದಲ್ಲಿ ಎರಡು ಸಲ ಬಂತು. ಹಾಗಾಗಿ ಟಿಕೆಟ್ ಕಾದಿರಿಸುವ ಮುನ್ನ ಪಂಚಾಂಗ ನೋಡಬೇಕು. ಆ ದಿನ ಬೀದರ್ ಪೇಟೆ ಖಾಲಿ. ಇಡೀ ಜಿಲ್ಲೆಯೇ ರಸ್ತೆಗಿಳಿದು ಹೊಲಕ್ಕೆ ಹೊರಡುತ್ತದೆ. ಬಂಡಿ, ಟ್ರ್ಯಾಕ್ಟರ್, ಬೈಕು, ಕಾರು, ಆಟೊ ಎಲ್ಲದರಲ್ಲೂ ಬುಟ್ಟಿ, ಗಡಿಗೆ, ಮಕ್ಕಳು. ಜುಲೈನಲ್ಲಿ ಚಕ್ರ ನುಂಗುತ್ತಿದ್ದ ಎರೆ ಈಗ ಹಾಸಿದ ಕಂಬಳಿಯಂತೆ ಮೆತ್ತಗೆ, ಒಣಗಿ ನಿಂತಿರುತ್ತದೆ. ಕಾರು ಹೊಲದ ಬದುವಿನವರೆಗೂ ಹೋಗುತ್ತದೆ.

ಎದೆಯೆತ್ತರದ ಜೋಳದ ನಡುವೆ ಕಣಿಕೆ ಕಟ್ಟಿ ಕೊಂಪೆ ಮಾಡಿ, ಒಳಗೆ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸುತ್ತಾರೆ. ಅಂಬಲಿ, ಸಜ್ಜೆ ರೊಟ್ಟಿ, ಎಳ್ಳು ಹೋಳಿಗೆಯ ಜೊತೆಗೆ ಮುಖ್ಯ ಅಡಿಗೆ ಭಜ್ಜಿ. ಪೇಟೆಯಲ್ಲಿ ಎಣ್ಣೆಯಲ್ಲಿ ಕರಿದು ಕೊಡುವ ಭಜ್ಜಿ ಇದಲ್ಲ. ಹಸಿ ತೊಗರಿ, ಹಸಿ ಕಡಲೆ, ಬಟಾಣಿ, ಮೆಂತೆ, ಬದನೆ, ಗಜ್ಜರಿ ಎಲ್ಲವನ್ನೂ ಹುಣಸೆಹುಳಿ, ಕಡಲೆಹಿಟ್ಟು ಹಾಕಿ ಗಟ್ಟಿಯಾಗಿ ಕುದಿಸಿದ ಪಲ್ಯ. ಅದರೊಳಗೆ ಬೀಳುವ ಎಲ್ಲ ಕಾಳೂ ಹಸಿಯಾಗಿ ಒಟ್ಟಿಗೆ ಸಿಗುವುದು ವರ್ಷದಲ್ಲಿ ಆ ಕೆಲವು ವಾರ ಮಾತ್ರ. ದಾರಿಯಲ್ಲಿ ಹೋಗುವ ಅಪರಿಚಿತರನ್ನೂ ಬದುವಿನಿಂದ ಕೈ ಬೀಸಿ ಕರೆದು ಉಣ್ಣಲು ಕೂರಿಸುತ್ತಾರೆ. ಔರಾದ್ ದಾರಿಯಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ನಿಧಾನವಾಗಿ ಓಡಿಸಿದರೆ ಆ ಕರೆ ಕೇಳಿಸುತ್ತದೆ. ಊಟಕ್ಕೆ ಕೂತವರು ಹೊತ್ತು ಇಳಿಯುವ ಮೊದಲೇ ಏಳಬೇಕು. ಆರು ಗಂಟೆಗೆಲ್ಲ ಕತ್ತಲಾಗುತ್ತದೆ, ಕಬ್ಬಿನ ಟ್ರಾಲಿಗಳು ಆಗಲೇ ರಸ್ತೆಗೆ ಬಂದಿರುತ್ತವೆ.